ಹಾಜರಿ ಇದ್ದರೆ ಸಾಲದು, ಪಾಠದಲ್ಲೂ ಇರಬೇಕು

ಪ್ರತಿ ಸಂಜೆ ಮರುದಿನದ ಪಾಠ ಟಿಪ್ಪಣಿ ಬರೆದಾದ ಮೇಲೆ ಪುಟದ ಎಡ ಅಂಚಿನಲ್ಲಿ ಒಂದು ಪ್ರಶ್ನೆಗೆ ಉತ್ತರ ಬರೆದುಕೊಳ್ಳುವುದು ನನ್ನ ರೂಢಿ. ಈ ಪಾಠ ನಡೆಯುವಾಗ ನನ್ನ ತರಗತಿಯಲ್ಲಿರುವ, ಅಂಗವೈಕಲ್ಯವುಳ್ಳ ಆ ಹುಡುಗಿ ಏನು ಮಾಡುತ್ತಿರುತ್ತಾಳೆ? ಆ ಹುಡುಗ ಏನು ಮಾಡುತ್ತಿರುತ್ತಾನೆ? ‘ಕುಳಿತಿರುತ್ತಾನೆ’, ‘ಕೇಳುತ್ತಿರುತ್ತಾಳೆ’ ಎನ್ನುವುದು ಉತ್ತರವಲ್ಲ. ಕೈಯಲ್ಲಿ ಏನಿರುತ್ತದೆ, ಯಾರ ಮುಖ ನೋಡುತ್ತಿರುತ್ತಾಳೆ, ಏನನ್ನು ಎಣಿಸುತ್ತಾನೆ, ಯಾರಿಗೆ ಏನು ತೋರಿಸುತ್ತಾನೆ ಎಂದು ಬರೆಯಲು ಬಂದರೆ ಮಾತ್ರ ಪಾಠ ಸಿದ್ಧವಾಯಿತು ಎಂದು ಪುಸ್ತಕ ಮುಚ್ಚುತ್ತೇನೆ. ಬರೆಯಲು ಬರದಿದ್ದರೆ ಪಾಠವನ್ನೇ ಬದಲಿಸುತ್ತೇನೆ. ಇಂಥ ಮಕ್ಕಳೂ ಉಳಿದವರ ಜೊತೆಗೇ ಕಲಿಯುವ ಸಮನ್ವಯ ಶಿಕ್ಷಣದ ಬಗ್ಗೆ ನನಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಈ ಒಂದು ಸಾಲನ್ನು ಬರೆಯುತ್ತಾ ಕಲಿತದ್ದು.

ನಮ್ಮದು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಹತ್ತಿರವಿರುವ ಹಳ್ಳಿ. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಗುಳೆ. ಕುರಿ ಸಾಕುವ ಮನೆಗಳು ಬಹಳ. ಹಲವು ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಕಲಿಯುವುದು ಕನ್ನಡ. ಒಂದರಿಂದ ಐದರವರೆಗಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಇಬ್ಬರೇ ಶಿಕ್ಷಕರು. ಒಂದರಿಂದ ಮೂರರ ಮಕ್ಕಳು ಒಟ್ಟಿಗೆ ಗುಂಪುಗಳಲ್ಲಿ ಕಲಿಯುವ ನಲಿ-ಕಲಿ ತರಗತಿಯನ್ನು ಮುಖ್ಯಶಿಕ್ಷಕರು ನೋಡಿಕೊಂಡರೆ ನಾಲ್ಕು ಮತ್ತು ಐದು ನನ್ನ ಪಾಲಿಗೆ. ಕೆಲವು ವರ್ಷ ಅದಲುಬದಲಾಗುತ್ತದೆ. ಮಕ್ಕಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಬದುಕು ಅವರದು. ನಾನು ಬರೆಯುತ್ತಿರುವುದು ನನ್ನ ಕೆಲಸದ ಬಗ್ಗೆ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಅರ್ಧವನ್ನು ಮಾತ್ರ ನಾವು ಹಿಡಿದುಕೊಂಡಿದ್ದೇವೆ. 1995ರ ಹಳೆಯ ಕಾಯ್ದೆಯ ಜಾಗಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಳೆಯದರಲ್ಲಿ 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದರು, ಹೊಸದರಲ್ಲಿ 21. ಅಂಗವೈಕಲ್ಯ ಇರುವ ಮಕ್ಕಳೂ ಇಲ್ಲದ ಮಕ್ಕಳೂ ಒಟ್ಟಿಗೆ ಕಲಿಯುವುದು, ಜೊತೆಗೆ ಕಲಿಸುವ ಮತ್ತು ಕಲಿಯುವ ಕ್ರಮವೇ ಆ ಮಕ್ಕಳ ಅಗತ್ಯಕ್ಕೆ ತಕ್ಕಂತೆ ಮಾರ್ಪಡುವುದು, ಈ ಎರಡೂ ಸೇರಿದರೆ ಸಮನ್ವಯ ಶಿಕ್ಷಣ ಎಂದು ಆ ಕಾಯ್ದೆ ಹೇಳುತ್ತದೆ. ಮೊದಲ ಅರ್ಧ ನಮ್ಮ ಕಡೆ ಸಾಕಷ್ಟು ನಡೆದಿದೆ. ಯಾವ ಮಗುವನ್ನೂ ವಾಪಸು ಕಳುಹಿಸಬಾರದು ಎಂಬುದು ಸರ್ವ ಶಿಕ್ಷಣ ಅಭಿಯಾನದ ಕಾಲದಿಂದಲೂ ಶಿಕ್ಷಕರಿಗೆ ಗೊತ್ತು. ದಾಖಲಾತಿ ಆಗುತ್ತದೆ, ಮಕ್ಕಳ ವಿವರ ದಾಖಲಿಸುವ ಇಲಾಖೆಯ ತಂತ್ರಾಂಶ ಎಸ್‌ಎಟಿಎಸ್‌ನಲ್ಲಿ ‘ವಿಶೇಷ ಅಗತ್ಯವುಳ್ಳ ಮಗು’ ಎಂದು ಗುರುತು ಬೀಳುತ್ತದೆ, ಮಗು ದಿನಾ ಬರುತ್ತದೆ, ಬಿಸಿಯೂಟ ಉಣ್ಣುತ್ತದೆ. ಎರಡನೆಯ ಅರ್ಧಕ್ಕೆ ಯಾವ ತಂತ್ರಾಂಶದಲ್ಲೂ ಕಾಲಂ ಇಲ್ಲ. ಅದು ನಡೆದರೆ ತರಗತಿಯ ನಾಲ್ಕು ಗೋಡೆಗಳ ನಡುವೆ ನಡೆಯಬೇಕು, ನಡೆಸಬೇಕಾದವರು ನಾವು.

ನನ್ನ ತರಗತಿಗೆ ಬಂದ ಹುಡುಗಿಯೊಬ್ಬಳಿಗೆ ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷ. ಶಿಬಿರದಲ್ಲಿ ಸಿಕ್ಕಿದ್ದ, ಕಿವಿಯ ಹಿಂದೆ ಹಾಕುವ ಶ್ರವಣಸಾಧನ ಇತ್ತು. ಊರಿನಲ್ಲಿ ಅದಕ್ಕೆ ಕಿವಿ ಮಿಷನ್ ಎನ್ನುತ್ತಾರೆ. ಮಿಷನ್ ಕೈಗೆ ಬಂದ ದಿನವೇ ಸಮಸ್ಯೆ ಮುಗಿಯಿತು ಎಂದು ಮನೆಯವರು ತಿಳಿಯುತ್ತಾರೆ. ಕೆಲಸ ಶುರುವಾಗುವುದೇ ಅಲ್ಲಿಂದ. ಅದರ ಗುಂಡಿಯಷ್ಟು ಬ್ಯಾಟರಿ ಒಂದೆರಡು ವಾರಕ್ಕೆ ಮುಗಿಯುತ್ತದೆ. ಕಿವಿಯೊಳಗೆ ಕೂರುವ ಅಚ್ಚು, ಮಗು ಬೆಳೆದಂತೆ ಸಡಿಲವಾಗಿ, ಸಾಧನ ಕುಂಯ್ ಎಂದು ಕೂಗತೊಡಗುತ್ತದೆ. ಪಕ್ಕದ ಮಕ್ಕಳು ನಗುತ್ತಾರೆ, ಮಗು ಅದನ್ನು ತೆಗೆದು ಚೀಲಕ್ಕೆ ಹಾಕಿಕೊಳ್ಳುತ್ತದೆ. ಶೇಂಗಾ ಕಿತ್ತ ಮೇಲೆ ಮನೆಯವರು ಕೂಲಿ ಹುಡುಕಿಕೊಂಡು ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಅದು ಯಾವುದೋ ಡಬ್ಬಿ ಸೇರಿರುತ್ತದೆ.

ತಾಲ್ಲೂಕು ಮಟ್ಟದ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ, ನನಗೆ ಬೆಳಗಿನ ಪರೀಕ್ಷೆಯೊಂದನ್ನು ಹೇಳಿಕೊಟ್ಟರು. ಪ್ರಾರ್ಥನೆ ಮುಗಿಸಿ ಒಳಗೆ ಬಂದ ಕೂಡಲೇ ಸಾಧನವನ್ನು ಚಾಲೂ ಮಾಡಿ ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತೇನೆ. ಸಿಳ್ಳೆ ಬಂದರೆ ಅದಕ್ಕೆ ಜೀವ ಇದೆ. ಆಮೇಲೆ ಅವಳ ಕಿವಿಗೆ ಹಾಕಿ, ನನ್ನ ಬಾಯಿ ಕಾಣದಂತೆ ಹಿಂದೆ ನಿಂತು ಆರು ಧ್ವನಿಗಳನ್ನು ಹೇಳುತ್ತೇನೆ: ಆ, ಈ, ಊ, ಶ್, ಸ್, ಮ್. ಮಾತಿನಲ್ಲಿ ಬರುವ ತಗ್ಗಿನ ಧ್ವನಿಯಿಂದ ಹಿಡಿದು ತೀಕ್ಷ್ಣ ಧ್ವನಿಯವರೆಗೆ ಈ ಆರರಲ್ಲೇ ಸಿಗುತ್ತವೆ. ಕೇಳಿಸಿದಾಗಲೆಲ್ಲ ಅವಳು ಒಂದು ಹುಣಸೆಬೀಜವನ್ನು ಡಬ್ಬಿಗೆ ಹಾಕಬೇಕು. ಆ, ಊ, ಮ್ ಎಂದರೆ ಟಣ್ ಎಂದು ಬೀಜ ಬೀಳುತ್ತಿತ್ತು. ಈ ಎಂದರೆ ಒಮ್ಮೆ ಬೀಳುತ್ತಿತ್ತು, ಒಮ್ಮೆ ಇಲ್ಲ. ಸ್ ಮತ್ತು ಶ್‌ಗೆ ಕೈ ಅಲ್ಲಾಡುತ್ತಲೇ ಇರಲಿಲ್ಲ. ಎರಡು ನಿಮಿಷದ ಈ ಕೆಲಸದಿಂದ ನನಗೆ ಎರಡು ಸಂಗತಿ ತಿಳಿಯುತ್ತಿದ್ದವು. ‘ಆ’ ಎಂಬುದಕ್ಕೂ ಬೀಜ ಬೀಳದಿದ್ದರೆ ಬ್ಯಾಟರಿ ಸತ್ತಿದೆ ಅಥವಾ ಅಚ್ಚಿನ ತೂತು ಕಟ್ಟಿದೆ. ಬ್ಯಾಟರಿ ಚೆನ್ನಾಗಿದ್ದರೂ ಸಕಾರ, ಶಕಾರ ಅವಳಿಗೆ ಎಂದೂ ಮುಟ್ಟುವುದಿಲ್ಲ. ಆ ಅಕ್ಷರಗಳಿರುವ ಹೊಸ ಪದಗಳನ್ನು ಬರೆದು ತೋರಿಸಲೇಬೇಕು.

ಇಂಥ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಎಂದು ಎಲ್ಲರೂ ಹೇಳುತ್ತಾರೆ. ಮುಂದಿನ ಸಾಲಿನ ನಟ್ಟನಡುವೆ ಕೂತರೆ ನನ್ನ ಮುಖ ಮಾತ್ರ ಕಾಣುತ್ತದೆ. ಹಿಂದಿನಿಂದ ಯಾರೋ ಉತ್ತರ ಹೇಳಿದರೆ, ಎಲ್ಲರೂ ನಕ್ಕರೆ, ಏಕೆ ನಕ್ಕರು ಎಂಬುದು ಅವಳಿಗೆ ತಿಳಿಯುವುದಿಲ್ಲ. ಅವಳನ್ನು ಎರಡನೆಯ ಸಾಲಿನ ತುದಿಗೆ, ಕಿಟಕಿಗೆ ಬೆನ್ನು ಮಾಡಿ ಕೂರಿಸಿದೆ. ಬೆಳಕು ನನ್ನ ಮುಖದ ಮೇಲೂ ಮಕ್ಕಳ ಮುಖದ ಮೇಲೂ ಬೀಳುತ್ತದೆ, ಸ್ವಲ್ಪ ಹೊರಳಿದರೆ ಇಡೀ ತರಗತಿ ಕಾಣುತ್ತದೆ. ಮಾತಾಡುವ ಮಗು ಮೊದಲು ಕೈ ಎತ್ತಬೇಕು, ಅವಳು ಆ ಕಡೆ ತಿರುಗಿದ ಮೇಲೆ ಮಾತು ಶುರುಮಾಡಬೇಕು ಎಂಬ ನಿಯಮ ಮಾಡಿಕೊಂಡೆವು. ನನಗೂ ಒಂದು ನಿಯಮ: ಕಪ್ಪುಹಲಗೆಯ ಮೇಲೆ ಬರೆಯುವಾಗ ಮಾತಾಡುವಂತಿಲ್ಲ. ಬರೆ, ತಿರುಗು, ಆಮೇಲೆ ಮಾತಾಡು. ಇದು ಕೇಳಲು ಸಣ್ಣದು, ರೂಢಿಸಿಕೊಳ್ಳಲು ಬಹಳ ಕಾಲ ಬೇಕು. ಪಕ್ಕದ ಅಡುಗೆ ಕೋಣೆಯ ಕುಕ್ಕರ್ ಸದ್ದು, ಮಳೆಗಾಲದಲ್ಲಿ ತಗಡಿನ ಮೇಲೆ ಹನಿ ಬೀಳುವ ಸದ್ದು, ಇವನ್ನೆಲ್ಲ ಆ ಸಾಧನ ಮಾತಿನಷ್ಟೇ ಜೋರು ಮಾಡಿ ಕಿವಿಗೆ ಸುರಿಯುತ್ತದೆ. ಮುಖ್ಯಶಿಕ್ಷಕರಿಗೆ ಹೇಳಿ ಅಡುಗೆ ಕೋಣೆಯಿಂದ ದೂರದ ಕೋಣೆಗೆ ನಮ್ಮ ತರಗತಿಯನ್ನು ಬದಲಿಸಿಕೊಂಡೆ.

ತುಟಿ ನೋಡಿ ಮಾತು ತಿಳಿಯುವುದಕ್ಕೆ ಒಂದು ಮಿತಿ ಇದೆ, ಅದನ್ನು ಕನ್ನಡ ಕಲಿಸುವವರು ತಿಳಿದಿರಬೇಕು. ಒಮ್ಮೆ ‘ಮಳೆ’ ಎಂದೆ. ಅವಳು ಮಣಿಕಟ್ಟು ತೋರಿಸಿ ನಕ್ಕಳು. ಅವಳ ಕಣ್ಣಿಗೆ ಬಿದ್ದದ್ದು ‘ಬಳೆ’. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ವ್ಯತ್ಯಾಸ ಇರುವುದು ಗಂಟಲಿನಲ್ಲಿ, ಮೂಗಿನಲ್ಲಿ. ಆದ್ದರಿಂದ ‘ಮ’ ಎನ್ನುವಾಗ ಮೂಗಿನ ಪಕ್ಕ ಬೆರಳಿಡುವುದು, ‘ಬ’ ಎನ್ನುವಾಗ ಗಂಟಲು ಮುಟ್ಟುವುದು, ‘ಪ’ ಎನ್ನುವಾಗ ಅಂಗೈಯನ್ನು ತುಟಿಯ ಮುಂದೆ ಹಿಡಿಯುವುದು ಎಂದು ಗುರುತು ಮಾಡಿಕೊಂಡೆವು. ತನ್ನ ಕೈಯನ್ನು ನನ್ನ ಗಂಟಲ ಮೇಲಿಟ್ಟು, ಆಮೇಲೆ ತನ್ನ ಗಂಟಲ ಮೇಲಿಟ್ಟು ಅವಳು ಅದುರುವಿಕೆಯನ್ನು ಹೋಲಿಸಿ ನೋಡುತ್ತಿದ್ದಳು.

ಇದರಿಂದ ಲಾಭವಾದದ್ದು ಅವಳೊಬ್ಬಳಿಗೇ ಅಲ್ಲ. ನಮ್ಮ ಕಡೆಯ ಮಕ್ಕಳಿಗೆ ಹಕಾರ ದೊಡ್ಡ ತೊಡಕು. ಹಕ್ಕಿಯನ್ನು ಅಕ್ಕಿ ಎನ್ನುತ್ತಾರೆ, ಹಾಗೆಯೇ ಬರೆಯುತ್ತಾರೆ. ಕೆಂಪು ಮಸಿಯಲ್ಲಿ ಎಷ್ಟು ತಿದ್ದಿದರೂ ಅದು ಹೋಗುವುದಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಅಕ್ಕಿ’ ಎಂದರೆ ಮೊದಲ ಅಕ್ಷರಕ್ಕೆ ಗಾಳಿ ತಾಕುವುದಿಲ್ಲ, ‘ಹಕ್ಕಿ’ ಎಂದರೆ ಬೆಚ್ಚಗೆ ತಾಕುತ್ತದೆ. ಕಿವಿ ಕೇಳುವ ಮಕ್ಕಳೂ ಕೈಯಿಂದ ಹಕಾರವನ್ನು ಕಲಿತರು. ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೂ ಇದು ಒದಗಿತು.

ಉಕ್ತಲೇಖನ ಬಂದಾಗ ಏನು ಮಾಡುವುದು ಎಂಬುದು ನನ್ನ ಅಂಚಿನ ಸಾಲಿಗೆ ಬಹಳ ದಿನ ಸವಾಲಾಗಿತ್ತು. ಕೇಳಿ ಬರೆಯುವುದೇ ಆ ಪಾಠ. ಕೇಳದ ಮಗು ಏನು ಮಾಡಬೇಕು? ಸುಲಭದ ದಾರಿ ಎಂದರೆ ಆ ಹೊತ್ತಿನಲ್ಲಿ ಅವಳಿಗೆ ಕಾಪಿ ಬರೆಯಲು ಕೊಡುವುದು. ನಾನು ಉಕ್ತಲೇಖನವನ್ನೇ ಅಭಿನಯಕ್ಕೆ ತಿರುಗಿಸಿದೆ. ಬಾಯಿ ಬಿಡದೆ ಮಾಡಿ ತೋರಿಸುತ್ತೇನೆ. ಮಕ್ಕಳು ವಾಕ್ಯ ಬರೆಯಬೇಕು. ತಲೆಯ ಮೇಲೆ ಕೊಡ ಹೊತ್ತು, ಜಾರಿ, ಕೊಡ ಬಿದ್ದು ಒಡೆದಂತೆ ಮಾಡುತ್ತೇನೆ. ಒಬ್ಬ ‘ಅಜ್ಜಿ ಬಿದ್ದಳು’ ಎಂದು ಬರೆಯುತ್ತಾನೆ, ಇನ್ನೊಬ್ಬಳು ‘ಮೇಡಂ ನೀರು ತರಲು ಹೋಗಿ ಕೊಡ ಒಡೆದರು’ ಎಂದು ಬರೆಯುತ್ತಾಳೆ. ಆ ಹುಡುಗಿ ಬರೆದದ್ದು ‘ಕೊಡ ಹೋಯಿತು, ಅಮ್ಮ ಬೈಯುತ್ತಾಳೆ’. ಅಂದು ತರಗತಿಯಲ್ಲಿ ಎಲ್ಲರಿಗಿಂತ ಒಳ್ಳೆಯ ವಾಕ್ಯ ಅದೇ ಎಂದು ನಾನು ಕಪ್ಪುಹಲಗೆಯ ಮೇಲೆ ಬರೆದೆ. ಆ ಮೇಲೆ ಅಭಿನಯಿಸುವ ಸರದಿ ಮಕ್ಕಳಿಗೆ ಹೋಯಿತು, ಅವಳ ಸರದಿಯೂ ಬಂತು. ಕಿವಿಯಿಂದ ಬರೆಯುವ ಉಕ್ತಲೇಖನವೂ ಬೇಕು, ಅದನ್ನು ಬಿಟ್ಟಿಲ್ಲ. ಆಗ ಅವಳ ಕೈಯಲ್ಲಿ ಪದಗಳ ಚೀಟಿಗಳಿರುತ್ತವೆ. ನನ್ನ ತುಟಿ ಮತ್ತು ಗುರುತು ನೋಡಿ ಸರಿಯಾದ ಚೀಟಿ ಆರಿಸಿ, ಅದನ್ನು ಮಗುಚಿಟ್ಟು ನೆನಪಿನಿಂದ ಬರೆಯುತ್ತಾಳೆ.

ನಮ್ಮ ಈ ಗುರುತುಗಳು ಭಾಷೆಯಲ್ಲ ಎಂಬುದು ನನಗೆ ಗೊತ್ತು. ಭಾರತೀಯ ಸಂಕೇತ ಭಾಷೆ ತನ್ನದೇ ವ್ಯಾಕರಣವುಳ್ಳ ಪೂರ್ಣ ಭಾಷೆ. ಅದನ್ನು ದೇಶದಾದ್ಯಂತ ಪ್ರಮಾಣೀಕರಿಸಿ ಪಠ್ಯಸಾಮಗ್ರಿ ರೂಪಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ದೆಹಲಿಯ ಭಾರತೀಯ ಸಂಕೇತ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ನಿಘಂಟನ್ನು ವಿಡಿಯೊ ರೂಪದಲ್ಲಿ ಕೊಟ್ಟಿದೆ. ಮೊಬೈಲ್‌ನಲ್ಲಿ ಅದನ್ನು ನೋಡಿ ನಾವೆಲ್ಲ ಕೆಲವು ಸಂಕೇತಗಳನ್ನು ಕಲಿತೆವು. ಆದರೆ ಆ ಭಾಷೆಯನ್ನು ನಿರರ್ಗಳವಾಗಿ ಆಡುವ ಒಬ್ಬ ದೊಡ್ಡವರಾದರೂ ಮಗುವಿನ ಬಳಿ ಇರಬೇಕು. ನಮ್ಮ ಹಳ್ಳಿಯಲ್ಲಿ ಯಾರೂ ಇಲ್ಲ. ಈ ಕೊರತೆಯನ್ನು ನನ್ನ ಯಾವ ಉಪಾಯವೂ ತುಂಬುವುದಿಲ್ಲ.

ಇನ್ನೊಬ್ಬ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನಿಗೆ ಬೌದ್ಧಿಕ ಅಂಗವೈಕಲ್ಯ. ಐದನೇ ತರಗತಿ, ಹತ್ತರವರೆಗಿನ ಎಣಿಕೆ ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಆರರ ಮೇಲೆ ಒಂಬತ್ತಕ್ಕೆ ಹಾರುತ್ತದೆ. ಇಂಥ ಮಕ್ಕಳಿಗೆ ಹೆಚ್ಚಿನ ಕಡೆ ಏನು ನಡೆಯುತ್ತದೆ ಎಂದು ಶಿಕ್ಷಕರಾದ ನಮಗೆಲ್ಲ ಗೊತ್ತು. ಒಂದು ಸ್ಲೇಟು, ಅ ಆ ತಿದ್ದುವುದು, ಮೂಲೆಯ ಜಾಗ. ಉಳಿದವರು ಭಿನ್ನರಾಶಿ ಮಾಡುವಾಗಲೂ ಅ ಆ, ಪರಿಸರ ಪಾಠ ಓದುವಾಗಲೂ ಅ ಆ. ಇದನ್ನು ‘ಅವನ ಮಟ್ಟಕ್ಕೆ ತಕ್ಕ ಕಲಿಕೆ’ ಎಂದು ಕರೆಯುವುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಒಂದೇ ಕೋಣೆಯಲ್ಲಿ ಕೂರಿಸಿ ಬೇರೆ ಶಾಲೆ ನಡೆಸಿದಂತೆ ಅದು. ಅವನಿಗೂ ಅದೇ ಪಾಠ ಬೇಕು. ಅದರೊಳಗೆ ಹೋಗುವ ಬಾಗಿಲು ಬೇರೆ ಇರಬಹುದು.

ಗಣಿತದಲ್ಲಿ ದತ್ತಾಂಶಗಳ ನಿರ್ವಹಣೆ ಎಂಬ ಪಾಠ ಇದೆ. ನಮ್ಮ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ. ಮೊಟ್ಟೆ ತಿನ್ನದವರಿಗೆ ಆಗ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುತ್ತಿದ್ದರು. ಯಾರಿಗೆ ಏನು ಬೇಕು ಎಂಬ ಲೆಕ್ಕ ಬೆಳಿಗ್ಗೆಯೇ ಅಡುಗೆಯವರಿಗೆ ಹೋಗಬೇಕಿತ್ತು. ಆ ಲೆಕ್ಕವನ್ನು ಅವನಿಗೆ ವಹಿಸಿದೆ. ದೊಡ್ಡ ರಟ್ಟಿನ ಮೇಲೆ ಮೊಟ್ಟೆ, ಬಾಳೆಹಣ್ಣು, ಚಿಕ್ಕಿ ಎಂದು ಮೂರು ಚಿತ್ರ. ಪ್ರತಿಯೊಂದರ ಕೆಳಗೆ ಜಾಗ. ಮಕ್ಕಳು ಒಬ್ಬೊಬ್ಬರಾಗಿ ಬಂದು ಚಿತ್ರ ಮುಟ್ಟುತ್ತಾರೆ, ಅವನು ಒಂದು ಗೀಟು ಎಳೆಯುತ್ತಾನೆ. ನಾಲ್ಕು ಗೀಟು ಆದ ಮೇಲೆ ಐದನೆಯದನ್ನು ಅಡ್ಡ ಹಾಕಬೇಕು. ಅಲ್ಲಿ ಅವನು ನಿಲ್ಲುತ್ತಿದ್ದ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಒಂದು ಉಪಾಯ ಕಂಡುಹಿಡಿದಳು. ಎಡಗೈಯ ನಾಲ್ಕು ಬೆರಳುಗಳನ್ನು ನೆಟ್ಟಗೆ ಹಿಡಿದು, ಹೆಬ್ಬೆರಳನ್ನು ಅಂಗೈಯ ಮೇಲೆ ಅಡ್ಡ ಮಲಗಿಸಿ ತೋರಿಸಿದಳು. ಅವನು ತನ್ನ ಕೈಯನ್ನು ರಟ್ಟಿನ ಪಕ್ಕದಲ್ಲಿಟ್ಟು ಪ್ರತಿ ಗೀಟಿಗೂ ಒಂದು ಬೆರಳನ್ನು ಬಿಚ್ಚುತ್ತಾ ಹೋದ. ಹೆಬ್ಬೆರಳ ಸರದಿ ಬಂದಾಗ ಸೀಸದಕಡ್ಡಿ ತಾನಾಗಿ ಓರೆಯಾಗತೊಡಗಿತು.

ಅವನು ಕಟ್ಟಿದ ಈ ಕಂತೆಗಳೇ ಇಡೀ ತರಗತಿಯ ದತ್ತಾಂಶ. ಉಳಿದವರು ಐದೈದರಂತೆ ಎಣಿಸಿ, ಸ್ತಂಭ ನಕ್ಷೆ ಬರೆದು, ನಿನ್ನೆಗಿಂತ ಇಂದು ಚಿಕ್ಕಿ ಏಕೆ ಹೆಚ್ಚಾಯಿತು ಎಂದು ಚರ್ಚಿಸಿದರು. ಒಂದು ದಿನ ಬಾಳೆಹಣ್ಣು ಮುಟ್ಟಿ ಹೋಗಿದ್ದ ಹುಡುಗ ಮತ್ತೆ ಬಂದು ಮೊಟ್ಟೆ ಮುಟ್ಟಿದ. ನಮ್ಮ ಲೆಕ್ಕಿಗ ರಟ್ಟಿನ ಮೇಲೆ ಕೈ ಅಡ್ಡ ಇಟ್ಟು ‘ಆಯಿತು, ನಿನ್ನದು ಆಯಿತು’ ಎಂದು ಗಟ್ಟಿಯಾಗಿ ಹೇಳಿದ. ಒಬ್ಬನನ್ನು ಎರಡು ಸಲ ಎಣಿಸಿದರೆ ಏನಾಗುತ್ತದೆ, ಮನಸ್ಸು ಬದಲಿಸಿದವನ ಹಳೆಯ ಗೀಟನ್ನು ಏನು ಮಾಡಬೇಕು ಎಂಬ ಚರ್ಚೆ ಅಲ್ಲಿಂದ ಎದ್ದಿತು. ಪಠ್ಯಪುಸ್ತಕದಲ್ಲಿ ಇಲ್ಲದ, ಆದರೆ ದತ್ತಾಂಶದ ಪಾಠಕ್ಕೆ ಬಹಳ ಮುಖ್ಯವಾದ ಪ್ರಶ್ನೆ ಅದು. ಎತ್ತಿದವನು ಅವನು. ಮೌಲ್ಯಮಾಪನದಲ್ಲಿ ಅವನಿಗೆ ನಾನು ನೋಡಿದ್ದು ಇಷ್ಟು: ಒಬ್ಬರಿಗೆ ಒಂದು ಗೀಟು ಎಂಬ ಸಂಬಂಧ ತಪ್ಪದೆ ಬರುತ್ತದೆಯೇ, ಯಾವುದು ಹೆಚ್ಚು ಯಾವುದು ಕಡಿಮೆ ಎಂದು ನೋಡಿ ಹೇಳುತ್ತಾನೆಯೇ. ಎರಡೂ ಬಂದವು.

ಅಂಗವೈಕಲ್ಯದ ಪ್ರಮಾಣಪತ್ರದ ವಿಷಯದಲ್ಲಿ ಶಿಕ್ಷಕ ಮಿತ್ರರಿಗೆ ಒಂದು ಮಾತು ಹೇಳಬೇಕು. ಓದಲು ವಿಪರೀತ ತಡವರಿಸುವ, ಮಾತಿನಲ್ಲಿ ಚುರುಕಾದ ಹುಡುಗನೊಬ್ಬ ನಮ್ಮಲ್ಲಿದ್ದ. ಒತ್ತಕ್ಷರ ಕಂಡರೆ ನಿಂತುಬಿಡುತ್ತಿದ್ದ. ‘ಆಸ್ಪತ್ರೆಯ ಪ್ರಮಾಣಪತ್ರ ಬರಲಿ, ಆಮೇಲೆ ನೋಡೋಣ’ ಎಂಬ ಮಾತು ಇಂಥ ಕಡೆ ಬೇಗ ಬರುತ್ತದೆ. ಪ್ರಮಾಣಪತ್ರ ಬೇಕಾಗುವುದು ಸೌಲಭ್ಯಗಳಿಗೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ಅವರು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ಕಾಯ್ದೆಯ 31ನೇ ಕಲಂ ಕೊಡುತ್ತದೆ. ಆದರೆ ಶಾಲೆಗಳ ಕರ್ತವ್ಯವನ್ನು ಹೇಳುವ 16ನೇ ಕಲಂನಲ್ಲಿ ಈ ಶೇಕಡಾವಾರು ಮಿತಿ ಇಲ್ಲ. ಮಗುವಿಗೆ ತಕ್ಕ ಹೊಂದಾಣಿಕೆ ಮಾಡಿಕೊಡುವುದು, ಕಲಿಕೆಯಲ್ಲಿ ತೊಡಕಿರುವ ಮಕ್ಕಳನ್ನು ಬೇಗ ಗುರುತಿಸುವುದು ಅಲ್ಲಿ ಶಾಲೆಯ ಹೊಣೆ. ಪಾಠ ಬದಲಿಸಲು ನನಗೆ ಯಾವ ವೈದ್ಯರ ಸಹಿಯೂ ಬೇಕಿಲ್ಲ. ಆ ಹುಡುಗನಿಗೆ ಸಾಲಿನ ಕೆಳಗೆ ಹಿಡಿಯಲು ರಟ್ಟಿನ ಪಟ್ಟಿ ಕೊಟ್ಟೆ, ಒತ್ತಕ್ಷರಗಳನ್ನು ಬೇರೆ ಬಣ್ಣದಲ್ಲಿ ಬರೆದೆ, ಪರಿಸರ ಅಧ್ಯಯನದ ಪ್ರಶ್ನೆಗಳನ್ನು ಬಾಯಿಯಲ್ಲಿ ಕೇಳಿ ಅಂಕ ಕೊಟ್ಟೆ. ಓದುವುದನ್ನು ಕಲಿಸುವುದು ಬೇರೆ, ಓದಲು ಬಾರದ ಕಾರಣಕ್ಕೆ ಅವನಿಗೆ ಗೊತ್ತಿರುವ ವಿಷಯವನ್ನೂ ಗೊತ್ತಿಲ್ಲ ಎಂದು ಬರೆಯುವುದು ಬೇರೆ.

ನನ್ನ ಮನಸ್ಸಿಗೆ ಅತಿ ಹತ್ತಿರವಾದ ಕೆಲಸ ಮೆದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಇರುವ ಹುಡುಗಿಯದು. ನಡೆಯಲಾರಳು, ಮಾತು ಸ್ಪಷ್ಟವಿಲ್ಲ. ಗೃಹಾಧಾರಿತ ಶಿಕ್ಷಣದ ಪಟ್ಟಿಯಲ್ಲಿ ಅವಳ ಹೆಸರಿತ್ತು. 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ಆದ ತಿದ್ದುಪಡಿ, ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಕಲಿಯುವ ಆಯ್ಕೆ ಮಾಡಿಕೊಳ್ಳಬಹುದು ಎನ್ನುತ್ತದೆ. ಆಯ್ಕೆ ಮಗುವಿನದು, ತಂದೆತಾಯಿಯದು. ಶಾಲೆಯಲ್ಲಿ ಜಾಗವೇ ಸರಿಯಿಲ್ಲದಾಗ ಮನೆಯೊಂದೇ ಉಳಿದರೆ ಅದನ್ನು ಆಯ್ಕೆ ಎನ್ನಲಾಗದು. ಮನೆಗೆ ಹೋದಾಗ ಅವಳ ಅಜ್ಜಿ, ‘ಅವಳಿಗೆ ಏನು ತಿಳಿಯುತ್ತದೆ ತಾಯಿ, ನೆರಳಲ್ಲಿ ಕೂತು ಉಂಡರೆ ಸಾಕು’ ಎಂದರು. ‘ಅಜ್ಜಿ, ವಾರದಲ್ಲಿ ಒಂದು ದಿನ ಕಳುಹಿಸಿ ನೋಡಿ, ಅವಳೇ ಹೇಳುತ್ತಾಳೆ’ ಎಂದೆ. ಶನಿವಾರದಿಂದ ಶುರುಮಾಡಿದೆವು. ಅಪ್ಪ ಬೈಕಿನ ಮುಂದೆ ಕೂರಿಸಿಕೊಂಡು ತಂದು ಬಿಡುತ್ತಿದ್ದರು.

ಮೊದಲು ಕೂರುವ ವ್ಯವಸ್ಥೆ ಆಗಬೇಕಿತ್ತು. ಗೋಡೆಗೆ ಒರಗಿಸಿದರೆ ಪಕ್ಕಕ್ಕೆ ವಾಲುತ್ತಿದ್ದಳು, ತಲೆ ಹಿಡಿದುಕೊಳ್ಳುವುದರಲ್ಲೇ ಅವಳ ಶಕ್ತಿಯೆಲ್ಲ ಹೋಗುತ್ತಿತ್ತು. ಸಂಪನ್ಮೂಲ ಕೇಂದ್ರದ ಫಿಸಿಯೊಥೆರಪಿ ದಿನ ಅಳತೆ ತೆಗೆಸಿಕೊಂಡು ಬಂದು ಊರಿನ ಬಡಗಿಯಿಂದ ಕುರ್ಚಿ ಮಾಡಿಸಿದೆವು. ಸೊಂಟ, ಮೊಣಕಾಲು, ಪಾದದ ಕೀಲು ಮೂರೂ ಲಂಬವಾಗಿ ಮಡಚಿ ನಿಲ್ಲಬೇಕು, ಪಾದದ ಕೆಳಗೆ ಮಣೆ ಇರಬೇಕು, ಎದೆಯ ಮುಂದೆ ಹಲಗೆ ಬೇಕು, ಆ ಹಲಗೆಯಲ್ಲಿ ಹೊಟ್ಟೆ ಕೂರುವಷ್ಟು ಅರ್ಧಚಂದ್ರದ ಕೊರೆತ ಬೇಕು. ಕುರ್ಚಿ ಬಂದ ಮೇಲೆ ಅವಳ ಕಣ್ಣು ಬಿಡುವಾಗಿ ತರಗತಿಯನ್ನೆಲ್ಲ ಸುತ್ತತೊಡಗಿತು. ಆ ಕಣ್ಣಿನಿಂದಲೇ ಉತ್ತರ ಹೇಳಿಸಿದೆವು. ಎರಡು ಚಿತ್ರಗಳನ್ನು ಅಗಲವಾಗಿ ಹಿಡಿದು ಪ್ರಶ್ನೆ ಕೇಳಿ ಕಾಯಬೇಕು. ಅವಳು ನೋಡಿ ನಿಲ್ಲಿಸಿದ್ದು ಉತ್ತರ. ಕಾಯುವುದೇ ಇಲ್ಲಿ ಮುಖ್ಯ. ನಾವು ಮೂರು ಎಣಿಸುವಷ್ಟರಲ್ಲಿ ಬಾಯಿ ಹಾಕಿಬಿಡುತ್ತೇವೆ, ಅವಳಿಗೆ ಹತ್ತು ಎಣಿಸುವಷ್ಟು ಹೊತ್ತು ಬೇಕು. ಕಥೆ ಹೇಳುವಾಗ ಮುಂದೆ ನರಿ ಬರಲೋ ಮೊಲ ಬರಲೋ ಎಂದು ತೀರ್ಮಾನಿಸುವ ಕೆಲಸ ಅವಳದಾಯಿತು. ಅವಳು ನರಿಯ ಕಡೆ ನೋಡಿದರೆ ಕಥೆ ಆ ಕಡೆ ಹೋಗಬೇಕು, ನನಗೂ ಮುಂದೇನು ಎಂಬುದು ತಿಳಿದಿರುವುದಿಲ್ಲ. ಮಕ್ಕಳು ಶನಿವಾರಕ್ಕಾಗಿ ಕಾಯುತ್ತಿದ್ದರು.

ಶಾಲೆಯ ಇಳಿಜಾರು ಬಹಳ ಕಡಿದಾಗಿತ್ತು, ಕುರ್ಚಿ ತಳ್ಳಲು ಇಬ್ಬರು ಬೇಕಾಗುತ್ತಿತ್ತು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬ ಲೆಕ್ಕ ಹಿಡಿದರೆ ನಮ್ಮ ಒಂದೂವರೆ ಅಡಿಯ ಜಗಲಿಗೆ 18 ಅಡಿ ಬೇಕು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಟೇಪು ಹಿಡಿದು ಅಳೆದು ತೋರಿಸಿ, ಗ್ರಾಮ ಪಂಚಾಯಿತಿಯ ನೆರವಿನಿಂದ ಉದ್ದ ಮಾಡಿಸಿದೆವು. ಶೌಚಾಲಯದ ಹೊಸ್ತಿಲು ತೆಗೆಸುವ ಕೆಲಸ ಇನ್ನೂ ಬಾಕಿ. ಅದು ಆಗುವವರೆಗೆ ಅವಳು ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ಶಾಲೆಯಲ್ಲಿ ಇರಲಾರಳು. ಒಂದು ಹೊಸ್ತಿಲಿಗಾಗಿ ಹೆಣ್ಣು ಮಗುವಿನ ಶಾಲೆ ನಿಲ್ಲುತ್ತದೆ ಎಂಬುದು ನನ್ನನ್ನು ಬಹಳ ನೋಯಿಸುತ್ತದೆ, ಪ್ರತಿ ಸಭೆಯಲ್ಲೂ ಇದನ್ನು ಎತ್ತುತ್ತೇನೆ.

ಉಳಿದ ಮಕ್ಕಳ ಪೋಷಕರಲ್ಲಿ ಕೆಲವರಿಗೆ ಆತಂಕವಿತ್ತು. ‘ಮೇಡಂ, ಇಂಥವರಿಗೇ ಹೊತ್ತು ಹೋದರೆ ನಮ್ಮ ಮಕ್ಕಳ ಪಾಠ ಏನಾಗಬೇಕು?’ ಎಂದು ಒಬ್ಬರು ನೇರವಾಗಿ ಕೇಳಿದರು. ಕೇಳಿದ್ದು ನನಗೆ ಒಳ್ಳೆಯದೇ ಆಯಿತು. ಪೋಷಕರಿಗೆ ಮಕ್ಕಳ ಕಲಿಕೆ ತೋರಿಸುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನ ಅವರೆದುರು ಅದೇ ಮೊಟ್ಟೆ-ಬಾಳೆಹಣ್ಣಿನ ನಕ್ಷೆಯ ಪಾಠ ಮಾಡಿದೆ. ಅವರ ಮಗಳು ಸ್ತಂಭ ನಕ್ಷೆ ವಿವರಿಸಿದಳು. ನಾನು ಬೇರೆ ಸಮರ್ಥನೆ ಹೇಳಬೇಕಾಗಲಿಲ್ಲ.

ಹೊತ್ತಿನ ಪ್ರಶ್ನೆ ಮಾತ್ರ ನಿಜವಾದದ್ದು. ಎರಡು ತರಗತಿ ಹಿಡಿದವರಿಗೆ ಇಷ್ಟೆಲ್ಲ ಮಾಡಲು ಹೊತ್ತು ಎಲ್ಲಿಂದ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನಾನು ಕಪ್ಪುಹಲಗೆಯ ಮೇಲಿನ ಪ್ರಶ್ನೋತ್ತರಗಳನ್ನು ಎಲ್ಲರೂ ನಕಲು ಮಾಡುವುದನ್ನು ಬಹುಪಾಲು ಕೈಬಿಟ್ಟಿದ್ದೇನೆ. ಅದರಿಂದ ಉಳಿಯುವ ಹೊತ್ತು ಬಹಳ. ಮಕ್ಕಳೇ ಮಕ್ಕಳಿಗೆ ಕಲಿಸುವ ನಲಿ-ಕಲಿಯ ಗುಂಪು ವ್ಯವಸ್ಥೆಯನ್ನು ನಾಲ್ಕು, ಐದಕ್ಕೂ ಮುಂದುವರಿಸಿದ್ದೇನೆ. ಆದರೂ ಶಿಕ್ಷಕರೊಬ್ಬರೇ ಎಲ್ಲವನ್ನೂ ಹೊರಲಿ ಎನ್ನುವುದು ಅನ್ಯಾಯ. 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರಂತೆ, ಅದರ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರಂತೆ ವಿಶೇಷ ಶಿಕ್ಷಕರಿರಬೇಕು ಎಂಬ ಅನುಪಾತವನ್ನು ಹೇಳಿತು. ಬಿಐಇಆರ್‌ಟಿಗಳು ಇಡೀ ತಾಲ್ಲೂಕಿನ ಶಾಲೆಗಳನ್ನು ಸುತ್ತುತ್ತಾರೆ. ನಮ್ಮ ಸರದಿ ಬರುವಾಗ ಮಗುವಿನ ಒಂದು ಹಂತ ದಾಟಿಹೋಗಿರುತ್ತದೆ. ನನಗೆ ಸಿಕ್ಕವರು ಬಹಳ ಒಳ್ಳೆಯವರು. ಅವರು ಬಂದ ದಿನ ಮಗುವನ್ನು ಪಕ್ಕಕ್ಕೆ ಕರೆದೊಯ್ದು ಪಾಠ ಮಾಡುವುದು ಬೇಡ, ನನ್ನ ಪಾಠದಲ್ಲೇ ಕೂತು ನಾನು ಎಲ್ಲಿ ಮಗುವನ್ನು ಬಿಟ್ಟು ಮುಂದೆ ಹೋಗುತ್ತೇನೆ ಎಂದು ಹೇಳಿ ಎಂದು ಕೇಳಿಕೊಂಡೆ. ಅಂಥ ಒಂದು ಗಂಟೆಯಿಂದ ನನಗೆ ತಿಂಗಳಿಗಾಗುವಷ್ಟು ಕೆಲಸ ಸಿಗುತ್ತದೆ.

ಹಣದ ವಿಷಯವೂ ಪೋಷಕರಿಗೆ ತಿಳಿದಿರಲಿ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ನೆರವಿನ ಅವಕಾಶ ಇದೆ. ಹೆಣ್ಣು ಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಪ್ರೋತ್ಸಾಹಧನವೂ ಇದೆ. ಬ್ಯಾಂಕ್ ಖಾತೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಸರಿಯಿಲ್ಲದೆ ಹಣ ನಿಂತುಹೋಗುವುದೇ ಹೆಚ್ಚು. ಗ್ರಾಮ ಪಂಚಾಯಿತಿಯ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಂಡು ಜೂನ್‌ನಲ್ಲೇ ಈ ಕಾಗದಗಳನ್ನು ಸರಿಮಾಡಿಸಿಕೊಂಡರೆ ವರ್ಷವಿಡೀ ಅಲೆದಾಟ ತಪ್ಪುತ್ತದೆ.

ಐದು ಮುಗಿಸಿದ ಮಕ್ಕಳು ಆರಕ್ಕೆ ಬೇರೆ ಶಾಲೆಗೆ ಹೋಗುತ್ತಾರೆ. ಅಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ಹೊಸ ಕೋಣೆ, ಹೊಸ ಸದ್ದು. ವರ್ಗಾವಣೆ ಪತ್ರದ ಜೊತೆ ನಾನು ಒಂದು ಹಾಳೆ ಬರೆದು, ಆ ಶಾಲೆಗೆ ಹೋಗಿ ತರಗತಿ ಶಿಕ್ಷಕರ ಕೈಗೇ ಕೊಡುತ್ತೇನೆ. ರೋಗದ ವಿವರ ಅದರಲ್ಲಿ ಇರುವುದಿಲ್ಲ. ಎಲ್ಲಿ ಕೂರಿಸಿದರೆ ಚೆನ್ನು, ಯಾವ ಪ್ರಶ್ನೆಗೆ ಹೇಗೆ ಉತ್ತರಿಸುತ್ತಾಳೆ, ಯಾವ ಗೆಳತಿ ಜೊತೆಗಿದ್ದರೆ ಧೈರ್ಯ, ಏನು ಕಲಿತಾಗಿದೆ, ಮುಂದಿನದು ಏನು. 2016ರ ಕಾಯ್ದೆಯ 17ನೇ ಕಲಂ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ಸೌಲಭ್ಯ, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಮುಂತಾದವನ್ನು ಹೇಳುತ್ತದೆ. ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಹುಡುಕಾಡುವ ಬದಲು ಅದನ್ನೂ ಹಾಳೆಯ ಕೊನೆಯಲ್ಲಿ ಬರೆದಿಡುತ್ತೇನೆ. ಶ್ರವಣದೋಷದ ಹುಡುಗಿ ಈಗ ಆರನೇ ತರಗತಿಯಲ್ಲಿದ್ದಾಳೆ. ಅವಳ ಹೊಸ ಶಿಕ್ಷಕರು ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, ಆ ಬ್ಯಾಟರಿ ಎಲ್ಲಿ ಸಿಗುತ್ತದೆ ಎಂಬುದು. ಚಳ್ಳಕೆರೆಯಲ್ಲಿ ಸಿಗದಿದ್ದರೆ ದಾವಣಗೆರೆಯಿಂದ ತರಿಸಬೇಕು, ಮಿಷನ್ ಮೇಲಿರುವ ಸಂಖ್ಯೆ ನೋಡಿಯೇ ಕೊಳ್ಳಬೇಕು ಎಂದೆ. ನನ್ನ ಬಳಿ ಉಳಿದಿದ್ದ ಒಂದು ಪಟ್ಟಿ ಬ್ಯಾಟರಿಯನ್ನು ಅವಳ ಅಪ್ಪನ ಕೈಯಲ್ಲಿ ಕಳುಹಿಸಿಕೊಟ್ಟೆ.